ಮೂಗಿನಿಂದ ರಕ್ತ ಸುರಿದಾಗ ಮನೆಯಲ್ಲೇ ನೇಸಲ್ ಪ್ಲಗ್ ಇಡಬಹುದೇ?

ಸಾಧನಕೇರಿ ತಾಯಿ:
ಎಲ್ಲರಿಗೂ ನಮಸ್ಕಾರ. ನನ್ನ ಒಂಬತ್ತು ವರ್ಷದ ಮಗನಿಗೆ ಶಿವರಾತ್ರಿ ಕಳೆದಾಗಿನಿಂದ ಆಗಾಗ ಮೂಗಿನಿಂದ ರಕ್ತ ಬರುತ್ತಿದೆ. ಮೂರು ವಾರದಲ್ಲಿ ಐದು ಸಲ ಆಗಿದ್ದು, ಐದೂ ಸಲ ಬಲ ಹೊಳ್ಳೆಯಿಂದಲೇ ಬಂದಿದೆ. ಹೆಚ್ಚಾಗಿ ಬೆಳಗಿನ ಜಾವ ಆಗುವುದರಿಂದ ದಿಂಬಿನ ಮೇಲೆ ಕಲೆ ನೋಡಿದ ಮೇಲೆಯೇ ನಮಗೆ ಗೊತ್ತಾಗುತ್ತದೆ. ಮೊನ್ನೆ ಔಷಧ ಅಂಗಡಿಯಲ್ಲಿ ರಕ್ತ ಹೀರಿಕೊಳ್ಳುವ ನೇಸಲ್ ಪ್ಲಗ್ ಇದೆಯೆಂದು ತೋರಿಸಿದರು. ಸಮುದ್ರದ ಪಾಚಿಯಿಂದ ಮಾಡಿದ್ದಂತೆ, ಹೊಳ್ಳೆಯಲ್ಲಿ ಇಟ್ಟರೆ ಸಾಕಂತೆ. ಒಂದು ಪೊಟ್ಟಣ ತಂದಿಟ್ಟಿದ್ದೇನೆ, ಆದರೆ ಒಡೆಯಲು ಧೈರ್ಯ ಬಂದಿಲ್ಲ.

ನಮ್ಮ ಅತ್ತೆಯವರದು ಬೇರೆ ಮಾತು. ತಲೆ ಮೇಲೆತ್ತಿ ಮಲಗಿಸು, ನೆತ್ತಿಗೆ ತಣ್ಣೀರು ತಟ್ಟು, ಎಲ್ಲವೂ ಮೈಕಾವು ಎನ್ನುತ್ತಾರೆ. ಅವರಿಗೂ ಎಪ್ಪತ್ತು ದಾಟಿದೆ, ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳು ಮಾಡುವ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಮಾತ್ರೆ ನುಂಗುತ್ತಾರೆ, ಕಳೆದ ವರ್ಷ ಒಮ್ಮೆ ಅವರ ಮೂಗಿನಿಂದಲೂ ಅರ್ಧ ಗಂಟೆ ರಕ್ತ ಬಂದಿತ್ತು. ಒಂದೇ ಪ್ಲಗ್ ಇಬ್ಬರಿಗೂ ಆಗುತ್ತದೆಯೇ? ಬಳಸಿ ಅನುಭವ ಇರುವವರು ತಿಳಿಸಬೇಕು.

ಬೆಟಗೇರಿ ಮಾಸ್ತರ:
ತಾಯಿ, ಪ್ಲಗ್ಗಿನ ಮಾತಿಗೆ ಮುಂಚೆ ನನ್ನದೊಂದು ಪ್ರಶ್ನೆ. ರಕ್ತ ಬಂದಾಗ ಹುಡುಗನ ಮೂಗನ್ನು ಎಲ್ಲಿ ಹಿಡಿಯುತ್ತೀರಿ, ಎಷ್ಟು ಹೊತ್ತು ಹಿಡಿಯುತ್ತೀರಿ?

ಸಾಧನಕೇರಿ ತಾಯಿ:
ಕನ್ನಡಕ ಕೂರುವ ಜಾಗದಲ್ಲಿ, ಎಲುಬಿನ ಹತ್ತಿರ ಒತ್ತಿ ಹಿಡಿಯುತ್ತೇನೆ, ಸರ್. ಎರಡು ನಿಮಿಷಕ್ಕೊಮ್ಮೆ ನಿಂತಿದೆಯೇ ಎಂದು ಬಿಟ್ಟು ನೋಡುತ್ತೇನೆ.

ಬೆಟಗೇರಿ ಮಾಸ್ತರ:
ನಾನು ಊಹಿಸಿದ್ದೂ ಅದನ್ನೇ. ತಪ್ಪು ತಿಳಿಯಬೇಡಿ, ಇದೇ ತಪ್ಪನ್ನು ನಾನು ಶಾಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿದ್ದೇನೆ. ಬೇಸಿಗೆಯ ಪ್ರಾರ್ಥನೆಯ ಹೊತ್ತಿನಲ್ಲಿ ಯಾವನೋ ಒಬ್ಬ ಹುಡುಗನ ಮೂಗಿನಿಂದ ರಕ್ತ ಇಳಿದರೆ ಅವನನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಿ, ಒಂದು ತಂಬಿಗೆ ನೀರನ್ನು ನೆತ್ತಿಗೆ ಸುರಿದು, ಈರುಳ್ಳಿ ಜಜ್ಜಿ ಮೂಸಿಸುವುದು ನಮ್ಮ ಚಿಕಿತ್ಸೆಯಾಗಿತ್ತು. ಮಲಗಿದ ಹುಡುಗ ರಕ್ತವನ್ನೆಲ್ಲ ನುಂಗಿ, ಸ್ವಲ್ಪ ಹೊತ್ತಿಗೆ ಕಪ್ಪಗೆ ವಾಂತಿ ಮಾಡುತ್ತಿದ್ದ, ಆಗ ನಾವು ಇನ್ನಷ್ಟು ಗಾಬರಿಯಾಗುತ್ತಿದ್ದೆವು. ಕೊನೆಗೆ ಒಬ್ಬ ವೈದ್ಯರು ಶಾಲೆಯ ಆರೋಗ್ಯ ತಪಾಸಣೆಗೆ ಬಂದಾಗ ನನ್ನ ಕೈಯನ್ನೇ ಹಿಡಿದು ತೋರಿಸಿದರು.

ಹುಡುಗ ನೆಟ್ಟಗೆ ಕೂತು ಮುಂದಕ್ಕೆ ಬಾಗಬೇಕು. ಎಲುಬು ಮುಗಿದು ಮೂಗು ಮೆತ್ತಗಾಗುವ ಕೆಳಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಎರಡೂ ಕಡೆ ಗಟ್ಟಿಯಾಗಿ ಒತ್ತಬೇಕು. ಬಾಯಿಯಿಂದ ಉಸಿರಾಡಬೇಕು, ಬಾಯಿಗೆ ಬಂದ ರಕ್ತವನ್ನು ಉಗುಳಬೇಕು. ಗಡಿಯಾರ ನೋಡಿಕೊಂಡು 10ರಿಂದ 15 ನಿಮಿಷ ಕೈ ಬಿಡಬಾರದು, ನಡುವೆ ಇಣುಕಿ ನೋಡಬಾರದು. ನೀವು ಎರಡು ನಿಮಿಷಕ್ಕೊಮ್ಮೆ ಕೈ ಬಿಟ್ಟರೆ ಆಗತಾನೇ ಕಟ್ಟುತ್ತಿದ್ದ ಹೆಪ್ಪು ಕಿತ್ತುಹೋಗಿ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಎಲುಬನ್ನು ಎಷ್ಟು ಒತ್ತಿದರೂ ಒಳಗಿನ ರಕ್ತನಾಳಕ್ಕೆ ಒತ್ತಡ ತಲುಪುವುದಿಲ್ಲ.

ಚಿಗರಿ ಪ್ರಯಾಣಿಕ:
ಮಾಸ್ತರ ಮಾತು ನಿಜ. ಕಳೆದ ವರ್ಷ ಚಿಗರಿ ಬಸ್ಸಿನಲ್ಲಿ ನಿಂತಿದ್ದಾಗ ರಾಯಾಪುರದ ಹತ್ತಿರ ನನಗೆ ರಕ್ತ ಶುರುವಾಯಿತು. ಇಡೀ ಬಸ್ಸು ‘ತಲಿ ಮ್ಯಾಲ ಮಾಡ್ರೀ’ ಎಂದು ಕೂಗುತ್ತಿತ್ತು. ಒಬ್ಬ ಅಜ್ಜಿ ಮಾತ್ರ ತಮ್ಮ ಸೀಟು ಬಿಟ್ಟುಕೊಟ್ಟು, ನನ್ನ ತಲೆಯನ್ನು ಮುಂದಕ್ಕೆ ಬಾಗಿಸಿ, ಮೂಗು ಹಿಂಡಿ ಹಿಡಿಯಲು ಹೇಳಿದರು. ವಿದ್ಯಾನಗರ ಬರುವಷ್ಟರಲ್ಲಿ ನಿಂತಿತ್ತು.

ಬ್ಯಾಡಗಿ ಪ್ಯಾಟಿ:
ಇಷ್ಟೆಲ್ಲ ವಿಧಿವಿಧಾನ ಯಾಕೆ ಎಂದು ನನಗೆ ಅರ್ಥವಾಗುವುದಿಲ್ಲ. ನಾನು ಮೆಣಸಿನಕಾಯಿ ವ್ಯಾಪಾರದವನು. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ಸುಗ್ಗಿಯಲ್ಲಿ ಒಂದು ದಿನ ಮಾರುಕಟ್ಟೆಯ ಚೀಲಗಳ ನಡುವೆ ನಿಂತು ಆ ಧೂಳು ಕುಡಿದು ನೋಡಲಿ. ಸೀನಿ ಸೀನಿ ಮೂಗಿನಿಂದ ರಕ್ತ ಬರುವುದು ನಮ್ಮಲ್ಲಿ ಹೊಸದಲ್ಲ. ಅರಳೆಯನ್ನು ಬತ್ತಿ ಮಾಡಿ ತುರುಕುತ್ತೇವೆ, ಕೆಲಸಕ್ಕೆ ಹೋಗುತ್ತೇವೆ. ಇಪ್ಪತ್ತು ವರ್ಷದಿಂದ ನನಗೇನೂ ಆಗಿಲ್ಲ. ನೂರಾರು ರೂಪಾಯಿಯ ಪಾಚಿಯ ಬತ್ತಿ ಬೇಡ.

ನೈಟ್ ಡ್ಯೂಟಿ ಸಿಸ್ಟರ್:
ಬ್ಯಾಡಗಿ ಅಣ್ಣಾವರೇ, ಅರಳೆ ಹಾಕುವಾಗ ಏನೂ ಆಗುವುದಿಲ್ಲ, ತೆಗೆಯುವಾಗ ಆಗುತ್ತದೆ. ನಾನು ಕಿವಿ-ಮೂಗು-ಗಂಟಲಿನ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಒಣ ಅರಳೆಯ ಎಳೆಗಳು ಹೆಪ್ಪಿನೊಳಗೆ ಹೆಣೆದುಕೊಳ್ಳುತ್ತವೆ. ಎಳೆದಾಗ ಹೆಪ್ಪೂ ಅದರ ಜೊತೆಗೇ ಬಂದು, ನಿಂತಿದ್ದ ರಕ್ತ ಮತ್ತೆ ಹರಿಯುತ್ತದೆ. ನೀವು ಮತ್ತೊಂದು ಬತ್ತಿ ತುರುಕುತ್ತೀರಿ. ಇದನ್ನೇ ನೀವು ‘ಏನೂ ಆಗಿಲ್ಲ’ ಎನ್ನುತ್ತಿರಬಹುದು.

ಮಕ್ಕಳಲ್ಲಿ ಇನ್ನೊಂದು ತೊಂದರೆ ಇದೆ. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಕೀವು ಸುರಿಯುತ್ತಿದೆ ಎಂದು ಕರೆತಂದ ಒಂದು ಮಗುವಿನ ಮೂಗಿನೊಳಗೆ ಕೊಳೆತ ಅರಳೆಯ ಚೂರು ಸಿಕ್ಕಿತ್ತು. ಮನೆಯವರಿಗೆ ಅದನ್ನು ಹಾಕಿದ್ದೇ ಮರೆತುಹೋಗಿತ್ತು. ಮಲಗಿದ್ದಾಗ ಅಂಥ ಚೂರು ಹಿಂದಕ್ಕೆ ಜಾರಿ ಶ್ವಾಸನಾಳಕ್ಕೆ ಇಳಿಯುವ ಅಪಾಯವೂ ಇರುತ್ತದೆ.

ಬ್ಯಾಡಗಿ ಪ್ಯಾಟಿ:
ಹಾಗಾದರೆ ಪ್ಲಗ್ಗೂ ಅದೇ ಅಲ್ಲವೇ, ಸಿಸ್ಟರ್? ಅದೂ ಒಳಗೇ ಇರುವುದು, ಅದನ್ನೂ ಎಳೆಯಬೇಕು.

ಕೊಪ್ಪಿಕರ್ ರಸ್ತೆ ಮೆಡಿಕಲ್:
ಇದಕ್ಕೆ ನಾನು ಉತ್ತರಿಸುತ್ತೇನೆ, ಔಷಧ ಅಂಗಡಿಯ ಕೌಂಟರಿನಲ್ಲಿ ದಿನವೂ ಕೇಳುವ ಪ್ರಶ್ನೆ ಇದು. ‘ಪ್ಲಗ್’ ಎಂಬ ಒಂದೇ ಹೆಸರಿನಲ್ಲಿ ಮೂರು-ನಾಲ್ಕು ಬೇರೆ ಬೇರೆ ವಸ್ತುಗಳು ಓಡಾಡುತ್ತಿವೆ.

ತಾಯಿಯವರು ತಂದಿರುವುದು ಕ್ಯಾಲ್ಸಿಯಂ ಆಲ್ಜಿನೇಟ್ ಇರಬೇಕು. ಕಂದು ಸಮುದ್ರಪಾಚಿಯಿಂದ ತೆಗೆದ ನಾರು ಅದು. ರಕ್ತ ತಾಗಿದಾಗ ಅದರಲ್ಲಿರುವ ಕ್ಯಾಲ್ಸಿಯಂ ಹೊರಬಂದು, ರಕ್ತದಲ್ಲಿನ ಸೋಡಿಯಂ ಒಳಸೇರಿ, ನಾರು ಲೋಳೆಯಂತಾಗುತ್ತದೆ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು, ಆದ್ದರಿಂದ ಆ ಕಡೆಯಿಂದಲೂ ಸ್ವಲ್ಪ ನೆರವು ಸಿಗುತ್ತದೆ. ಲೋಳೆಯಾಗುವುದರಿಂದ ಅರಳೆಯಷ್ಟು ಅಂಟಿಕೊಳ್ಳುವುದಿಲ್ಲ. ತೆಗೆಯುವ ಮುಂಚೆ ನಾಲ್ಕು ಹನಿ ಸಲೈನ್ ಬಿಟ್ಟರೆ ಸುಲಭವಾಗಿ ಜಾರಿ ಬರುತ್ತದೆ. ಬ್ಯಾಡಗಿ ಅಣ್ಣಾವರು ಕೇಳಿದ ವ್ಯತ್ಯಾಸ ಇದು.

ಎರಡನೆಯದು ಒತ್ತಿ ಒಣಗಿಸಿದ ಸ್ಪಂಜು, ಪಾಲಿವಿನೈಲ್‌ನಿಂದ ಮಾಡಿದ್ದು. ಒಣಗಿದ್ದಾಗ ಐಸ್‌ಕ್ಯಾಂಡಿ ಕಡ್ಡಿಯಂತೆ ಚಪ್ಪಟೆಯಾಗಿ ಗಟ್ಟಿಯಾಗಿರುತ್ತದೆ, ತೇವವಾದರೆ ಉಬ್ಬಿ ಮೂಗನ್ನು ಪೂರ್ತಿ ತುಂಬುತ್ತದೆ. ಅದು ದವಾಖಾನೆಯ ವಸ್ತು. ಯಾರಾದರೂ ಮನೆಗೆ ಬೇಕೆಂದು ಕೇಳಿದರೆ ನಾನು ಕೊಡುವುದಿಲ್ಲ, ಯಾಕೆಂದರೆ ಹಾಕುವಾಗಲೂ ತೆಗೆಯುವಾಗಲೂ ನೋವು, ಅಡ್ಡಾದಿಡ್ಡಿ ತುರುಕಿದರೆ ಒಳಪೊರೆ ಗೀರುತ್ತದೆ. ಮೂರನೆಯ ಗುಂಪಿನವು ತಾವೇ ಕರಗುವಂಥವು: ಜೆಲಾಟಿನ್ ಸ್ಪಂಜು, ಆಕ್ಸಿಡೈಸ್ ಮಾಡಿದ ಸೆಲ್ಯುಲೋಸ್. ಅವುಗಳನ್ನು ಎಳೆಯುವ ಪ್ರಸಂಗವೇ ಬರುವುದಿಲ್ಲ, ಆದರೆ ಅವನ್ನೂ ವೈದ್ಯರೇ ಇಡುತ್ತಾರೆ.

ಹಳೇ ಹುಬ್ಬಳ್ಳಿ ಗೋಲಿ:
ನಾನು ಫುಟ್‌ಬಾಲ್ ಆಡುವವನು. ವಿದೇಶದ ಆಟಗಾರರು ಮುಟ್ಟಿನ ಟ್ಯಾಂಪನ್ ಅನ್ನೇ ಕತ್ತರಿಸಿ ಮೂಗಿಗೆ ಇಟ್ಟುಕೊಂಡು ಆಡುವುದನ್ನು ವಿಡಿಯೊದಲ್ಲಿ ನೋಡಿದ್ದೇನೆ. ಅದು ನಡೆಯುತ್ತದೆಯೇ?

ನೈಟ್ ಡ್ಯೂಟಿ ಸಿಸ್ಟರ್:
ಬೇಡ. ಅದರ ಅಳತೆ ಮೂಗಿಗಾಗಿ ಮಾಡಿದ್ದಲ್ಲ, ಕತ್ತರಿಸಿದರೆ ಎಳೆ ಬಿಡುತ್ತದೆ, ಊದಿಕೊಂಡಾಗ ಒಳಪೊರೆಯನ್ನು ಒತ್ತುತ್ತದೆ. ಅಲ್ಲದೆ ಆಟದಲ್ಲಿ ಮೂಗಿಗೆ ಪೆಟ್ಟು ಬಿದ್ದು ರಕ್ತ ಬಂದಿದ್ದರೆ ಮೊದಲು ಎಲುಬು ಮುರಿದಿಲ್ಲವೆಂದು ಖಾತ್ರಿಯಾಗಬೇಕು. ತಲೆಗೆ ಪೆಟ್ಟಾಗಿ ಮೂಗಿನಿಂದ ನೀರಿನಂಥ ತಿಳಿ ದ್ರವ ಬೆರೆತ ರಕ್ತ ಬಂದರೆ ಯಾವ ಪ್ಲಗ್ಗನ್ನೂ ಹಾಕದೆ ನೇರ ದವಾಖಾನೆಗೆ ಹೋಗಬೇಕು.

ಮುಳಗುಂದ ನಾಕಾ:
ಎಲ್ಲರೂ ಪೇಟೆಯ ಸಾಮಾನಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮಲ್ಲಿ ಗರಿಕೆಯನ್ನು ಜಜ್ಜಿ ರಸ ಹಿಂಡಿ ಎರಡು ಹನಿ ಮೂಗಿಗೆ ಬಿಡುವ ಪದ್ಧತಿ ತಲೆತಲಾಂತರದಿಂದ ಇದೆ. ಹೀಗೆ ರಕ್ತ ಬರುವುದಕ್ಕೆ ಆಯುರ್ವೇದದಲ್ಲಿ ರಕ್ತಪಿತ್ತ ಎಂಬ ಹೆಸರೇ ಇದೆ. ಗರಿಕೆ, ದಾಳಿಂಬೆ ಹೂ, ಆಡುಸೋಗೆ ಎಲ್ಲವನ್ನೂ ಹೇಳಿದ್ದಾರೆ. ನಮ್ಮ ಅಜ್ಜಿ ಹೀಗೇ ನಿಲ್ಲಿಸುತ್ತಿದ್ದರು.

ಬೆಟಗೇರಿ ಮಾಸ್ತರ:
ನಿಮ್ಮ ಅಜ್ಜಿ ರಸ ಬಿಟ್ಟ ಮೇಲೆ ಏನು ಮಾಡುತ್ತಿದ್ದರು ಎಂಬುದನ್ನೂ ನೆನಪು ಮಾಡಿಕೊಳ್ಳಿ. ಮೂಗು ಹಿಡಿದು ಕೂರಿಸುತ್ತಿದ್ದರೇ?

ಮುಳಗುಂದ ನಾಕಾ:
ಹೌದು, ಸೆರಗಿನಿಂದ ಒತ್ತಿ ಹಿಡಿದು ಕೂರಿಸುತ್ತಿದ್ದರು. ನೀವು ಏನು ಹೇಳಲು ಹೊರಟಿದ್ದೀರಿ ಎಂದು ಗೊತ್ತಾಯಿತು, ಆದರೂ ನಾನು ಒಪ್ಪುವುದಿಲ್ಲ.

ನೈಟ್ ಡ್ಯೂಟಿ ಸಿಸ್ಟರ್:
ಗರಿಕೆ ಔಷಧಿಯೋ ಅಲ್ಲವೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಬಯಲಲ್ಲಿ ಬೆಳೆದದ್ದನ್ನು, ಕುದಿಸದ ನೀರಿನಲ್ಲಿ ತೊಳೆದು, ಬಾಯಿ ತೆರೆದ ರಕ್ತನಾಳದ ಮೇಲೆ ಬಿಡಬೇಡಿ ಎಂದಷ್ಟೇ ನನ್ನ ಬೇಡಿಕೆ.

ಇನ್ನು ರಕ್ತ ಎಲ್ಲಿಂದ ಬರುತ್ತದೆ ಎಂಬುದು ತಿಳಿದರೆ ಪ್ಲಗ್ಗಿನ ಮಿತಿಯೂ ತಿಳಿಯುತ್ತದೆ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ, ಕಿರುಬೆರಳು ತಲುಪುವಷ್ಟೇ ಒಳಗೆ, ಹಲವು ರಕ್ತನಾಳಗಳು ಕೂಡುವ ಜಾಗ ಒಂದಿದೆ. 1879ರಲ್ಲಿ ಅದನ್ನು ವಿವರಿಸಿದ ಅಮೆರಿಕದ ಶಸ್ತ್ರವೈದ್ಯ ಲಿಟ್ಲ್ ಅವರ ಹೆಸರಿನಿಂದಲೇ ವೈದ್ಯರು ಇಂದಿಗೂ ಅದನ್ನು ಕರೆಯುತ್ತಾರೆ. ನೂರರಲ್ಲಿ ತೊಂಬತ್ತರಷ್ಟು ಪ್ರಕರಣಗಳಲ್ಲಿ ರಕ್ತ ಬರುವುದು ಇಲ್ಲಿಂದಲೇ, ಮಕ್ಕಳಲ್ಲಂತೂ ಬಹುತೇಕ ಎಲ್ಲವೂ ಇಲ್ಲಿಂದಲೇ. ಮೂಗಿನ ಮೆತ್ತನೆಯ ಭಾಗವನ್ನು ಹಿಂಡಿದರೆ ಒತ್ತಡ ಬೀಳುವುದೂ ಇದೇ ಜಾಗಕ್ಕೆ, ಪ್ಲಗ್ ತಾಗುವುದೂ ಇದೇ ಜಾಗಕ್ಕೆ. ಆದ್ದರಿಂದ ಪ್ಲಗ್ ಇಟ್ಟು ಸುಮ್ಮನೆ ಕೂರಬಾರದು, ಇಟ್ಟ ಮೇಲೂ ಹೊರಗಿನಿಂದ ಹಿಂಡಿ ಹಿಡಿಯಬೇಕು.

ವಯಸ್ಸಾದವರಲ್ಲಿ, ವಿಶೇಷವಾಗಿ ಬಿಪಿ ಇರುವವರಲ್ಲಿ, ರಕ್ತ ಮೂಗಿನ ಹಿಂಭಾಗದ ದೊಡ್ಡ ನಾಳದಿಂದ ಬರಬಹುದು. ಆಗ ಮುಂದೆ ಪ್ಲಗ್ ಇಟ್ಟರೆ ಹೊರಗೆ ನಿಂತಂತೆ ಕಾಣುತ್ತದೆ, ಆದರೆ ಗಂಟಲಿನ ಹಿಂದೆ ಇಳಿಯುತ್ತಲೇ ಇರುತ್ತದೆ. ನಿಂತಿತೆಂದು ಮನೆಯವರು ಮಲಗಿಬಿಡುತ್ತಾರೆ, ನಸುಕಿನಲ್ಲಿ ಅಜ್ಜ ತಲೆಸುತ್ತಿ ಬೀಳುತ್ತಾರೆ. ನನಗೆ ಮನೆಯ ಪ್ಲಗ್ಗಿನ ಬಗ್ಗೆ ಇರುವ ಭಯ ಇದೊಂದೇ. ಬಾಯಿ ತೆರೆಸಿ, ಬ್ಯಾಟರಿ ಹಾಕಿ ಗಂಟಲಿನ ಹಿಂಗೋಡೆಯನ್ನು ನೋಡಬೇಕು.

ವಿದ್ಯಾನಗರ ನಿವೃತ್ತ:
ಸಾಧನಕೇರಿ ತಾಯಿಯವರ ಅತ್ತೆಯವರ ವಿಷಯಕ್ಕೆ ನನ್ನ ಅನುಭವ ಹೇಳುತ್ತೇನೆ. ನನಗೆ ಹೃದಯದ ಕವಾಟ ಬದಲಿಸಿದ್ದಾರೆ, ದಿನವೂ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತೇನೆ. ಎರಡು ವರ್ಷದ ಹಿಂದೆ ಒಂದು ರಾತ್ರಿ ರಕ್ತ ಶುರುವಾಗಿ, ಎರಡು ಗಂಟೆ ಕಾದು, ಕೊನೆಗೆ 108ಕ್ಕೆ ಕರೆ ಮಾಡಿ ದವಾಖಾನೆ ಸೇರಿದೆ. ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ನೋಡಿದರೆ ಇರಬೇಕಾದ ಮಟ್ಟಕ್ಕಿಂತ ಬಹಳ ಮೇಲಿತ್ತು. ಹಲ್ಲುನೋವಿಗೆ ಯಾರೋ ಹೇಳಿದ ಗುಳಿಗೆಯನ್ನು ನಾನು ವೈದ್ಯರನ್ನು ಕೇಳದೆ ನುಂಗಿದ್ದೆ.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಮಾಡಿದೆ. ಮನೆಗೆ ಬಂದ ಮೇಲೆ ಹೆದರಿ, ಯಾರಿಗೂ ಹೇಳದೆ ಆ ಮಾತ್ರೆಯನ್ನೇ ಬಿಟ್ಟುಬಿಟ್ಟೆ. ವಾರದ ನಂತರ ತಪಾಸಣೆಗೆ ಹೋದಾಗ ವೈದ್ಯರು ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ. ಕವಾಟದ ಮೇಲೆ ಹೆಪ್ಪು ಕಟ್ಟಿ ಮಿದುಳಿಗೆ ಹೋಗಿದ್ದರೆ ಮೂಗಿನ ಚಿಂತೆಯೇ ಇರುತ್ತಿರಲಿಲ್ಲ ಎಂದರು. ಸ್ಟೆಂಟಿನವರಿಗೂ ಇದೇ ಮಾತು ಅನ್ವಯಿಸುತ್ತದೆ. ರಕ್ತ ಬಂತೆಂದು ಕ್ಲೊಪಿಡೊಗ್ರೆಲ್ ಅನ್ನು ನೀವಾಗಿ ನಿಲ್ಲಿಸಬೇಡಿ.

ನೈಟ್ ಡ್ಯೂಟಿ ಸಿಸ್ಟರ್:
ಕಾಕಾ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರು 2020ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ರಕ್ತ ತೆಳು ಮಾಡುವ ಔಷಧಿ ನುಂಗುವವರಿಗೆ ಪ್ಯಾಕಿಂಗ್, ಅಂದರೆ ಮೂಗಿನೊಳಗೆ ಪ್ಲಗ್ಗಿನಂಥದ್ದನ್ನು ತುಂಬುವುದು, ಬೇಕಾದರೆ ಕರಗುವಂಥದ್ದನ್ನೇ ಬಳಸಬೇಕೆಂದು ಹೇಳಿದ್ದಾರೆ, ಕಾರಣ ಎಳೆಯುವಾಗ ಮತ್ತೆ ರಕ್ತ ಶುರುವಾಗುವ ಸಂಭವ ಇವರಲ್ಲಿಯೇ ಹೆಚ್ಚು. ಹಾಗಾಗಿ ತಾಯಿಯವರೇ, ಒಂದೇ ಪ್ಲಗ್ ಇಬ್ಬರಿಗೂ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ‘ಇಲ್ಲ’. ಮಗನಿಗೆ ಹಿಂಡಿದ ಮೇಲೂ ನಿಲ್ಲದಿದ್ದರೆ ದವಾಖಾನೆ ತಲುಪುವವರೆಗೆ ಇಡಬಹುದು. ಅತ್ತೆಯವರಿಗೆ ಹಿಂಡಿ ಹಿಡಿದುಕೊಂಡೇ ಗಾಡಿ ಹತ್ತಿಸಿ.

ಕೊಪ್ಪಿಕರ್ ರಸ್ತೆ ಮೆಡಿಕಲ್:
ಮೂಗು ಕಟ್ಟಿದಾಗ ಬಿಡುವ ಕ್ಸೈಲೊಮೆಟಜೊಲಿನ್ ಅಥವಾ ಆಕ್ಸಿಮೆಟಜೊಲಿನ್ ಹನಿಗಳು ರಕ್ತನಾಳವನ್ನು ಕುಗ್ಗಿಸುವುದರಿಂದ ಇಲ್ಲಿಯೂ ಉಪಯೋಗಕ್ಕೆ ಬರುತ್ತವೆ. ಆದರೆ ಬಿಪಿ ಇರುವವರಿಗೂ ಮಕ್ಕಳಿಗೂ ವೈದ್ಯರನ್ನು ಕೇಳದೆ ಕೊಡಬೇಡಿ.

ಚಿಗರಿ ಪ್ರಯಾಣಿಕ:
ಆ ಹನಿಯ ಚಟಕ್ಕೆ ನಾನು ಆರು ತಿಂಗಳು ಬಿದ್ದಿದ್ದೆ. ಬಿಟ್ಟರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತಿತ್ತು, ಹಾಕಿದರೆ ಒಣಗಿ ರಕ್ತ ಬರುತ್ತಿತ್ತು. ಕೆಲವು ದಿನ ದಾಟಿ ಬಳಸಬಾರದೆಂದು ಡಬ್ಬಿಯ ಮೇಲೆಯೇ ಬರೆದಿತ್ತು, ಓದಿರಲಿಲ್ಲ.

ರಾಣೇಬೆನ್ನೂರು ಸೋದರಮಾವ:
ಒಂದು ಎಚ್ಚರಿಕೆ ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ನನ್ನ ಅಕ್ಕನ ಮಗನಿಗೆ ಹದಿನಾಲ್ಕು ವರ್ಷವಿದ್ದಾಗ ಒಂದೇ ಕಡೆಯಿಂದ ಮತ್ತೆ ಮತ್ತೆ ರಕ್ತ ಬರುತ್ತಿತ್ತು, ಅದೇ ಕಡೆ ಮೂಗು ಕಟ್ಟಿರುತ್ತಿತ್ತು. ಉಷ್ಣವೆಂದು ಎಳನೀರು ಕುಡಿಸುತ್ತಾ ಎಂಟು ತಿಂಗಳು ಕಳೆದೆವು. ಸ್ಕ್ಯಾನ್ ಮಾಡಿಸಿದಾಗ ಮೂಗಿನ ಹಿಂದೆ ರಕ್ತನಾಳಗಳ ಗಡ್ಡೆ ಬೆಳೆದಿತ್ತು, ಆಂಜಿಯೊಫೈಬ್ರೊಮಾ ಎಂದರು. ಕ್ಯಾನ್ಸರ್ ಅಲ್ಲ, ಹರೆಯದ ಗಂಡುಮಕ್ಕಳಲ್ಲೇ ಕಾಣಿಸುವುದಂತೆ. ಶಸ್ತ್ರಚಿಕಿತ್ಸೆಯಾಗಿ ಈಗ ಡಿಪ್ಲೊಮಾ ಓದುತ್ತಿದ್ದಾನೆ. ತಾಯಿಯವರ ಮಗನಿಗೂ ಒಂದೇ ಹೊಳ್ಳೆ ಎಂದು ಓದಿ ನನಗೆ ಎದೆ ಧಸಕ್ಕೆಂದಿತು.

ಸಾಧನಕೇರಿ ತಾಯಿ:
ನನಗೀಗ ನಿದ್ದೆ ಬರುವುದಿಲ್ಲ, ಸರ್.

ನೈಟ್ ಡ್ಯೂಟಿ ಸಿಸ್ಟರ್:
ಮಾಮಾ, ಹೇಳಿದ್ದು ಸರಿಯಾದ ಮಾತೇ, ಆದರೆ ಅದು ಅಪರೂಪದ ಕಾಯಿಲೆ. ತಾಯಿಯವರೇ, ಒಂಬತ್ತು ವರ್ಷದ ಹುಡುಗನಿಗೆ, ಒಣಹವೆಯ ತಿಂಗಳಲ್ಲಿ, ಬೆಳಗಿನ ಜಾವ, ಒಂದೇ ಹೊಳ್ಳೆಯಿಂದ ಎಂದರೆ ಸಾಮಾನ್ಯವಾಗಿ ಅದೇ ಬೆರಳು ಅದೇ ಹೊಳ್ಳೆಗೆ ಹೋಗುತ್ತಿದೆ ಎಂದು ಅರ್ಥ. ಮಗ ಬಲಗೈಯವನೇ? ಮೂಗು ಕಟ್ಟುತ್ತದೆಯೇ? ಜ್ವರ, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ, ಒಸಡಿನಲ್ಲಿ ರಕ್ತ ಏನಾದರೂ ಇದೆಯೇ? ಜ್ವರದ ಜೊತೆ ಮೂಗಿನಲ್ಲಿ ರಕ್ತ ಬಂದರೆ ಡೆಂಗಿಯ ಅನುಮಾನದಿಂದ ಪ್ಲೇಟ್‌ಲೆಟ್ ಎಣಿಸಬೇಕಾಗುತ್ತದೆ, ಅದಕ್ಕಾಗಿ ಕೇಳಿದೆ. ಏನೇ ಇದ್ದರೂ ಮೂರು ವಾರದಲ್ಲಿ ಐದು ಸಲವೆಂದರೆ ಒಮ್ಮೆ ಮೂಗು ತೋರಿಸಿಕೊಂಡು ಬರುವುದು ಒಳ್ಳೆಯದು.

ಸಾಧನಕೇರಿ ತಾಯಿ:
ಬಲಗೈಯವನು. ಮೂಗು ಕಟ್ಟುವುದಿಲ್ಲ, ಜ್ವರವಿಲ್ಲ, ಕಲೆಗಳಿಲ್ಲ. ಬೆರಳಿನ ವಿಷಯ ಕೇಳಿದರೆ ‘ಇಲ್ಲ’ ಎನ್ನುತ್ತಾನೆ.

ಬ್ಯಾಡಗಿ ಪ್ಯಾಟಿ:
ಯಾವ ಹುಡುಗ ‘ಹೌದು’ ಎಂದಿದ್ದಾನೆ?

ಕೊಪ್ಪಿಕರ್ ರಸ್ತೆ ಮೆಡಿಕಲ್:
ಪ್ಲಗ್ ಇಡಲೇಬೇಕಾಗಿ ಬಂದರೆ ಹೇಗೆ ಎಂದು ಯಾರೂ ಹೇಳಿಲ್ಲ. ಮೂಗು ಮೇಲಕ್ಕೆ ಹೋಗುತ್ತದೆಂದು ಎಲ್ಲರೂ ಕಣ್ಣಿನ ಕಡೆಗೆ ತಳ್ಳುತ್ತಾರೆ. ಮೂಗಿನ ದಾರಿ ಇರುವುದು ಅಂಗುಳಿಗೆ ಸಮನಾಗಿ, ಹಿಂದಕ್ಕೆ; ನೇರ ಹಿಂದಕ್ಕೆ ಮೆಲ್ಲಗೆ ಜಾರಿಸಬೇಕು. ಹೊರಗೆ ತುದಿ ಕಾಣುವಂತಿರಬೇಕು. ಪೊಟ್ಟಣದ ಮೇಲೆ ಬರೆದ ಅವಧಿ ಮುಗಿದ ಕೂಡಲೇ ತೆಗೆಯಬೇಕು, ಇಟ್ಟುಕೊಂಡು ಮಲಗಬಾರದು. ಮೂಗಿನಲ್ಲಿ ಬಹಳ ಹೊತ್ತು ಉಳಿದ ಪ್ಯಾಕಿನಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣು ಬೆಳೆದು, ಅದರ ವಿಷ ರಕ್ತಕ್ಕೆ ಸೇರಿ ಜೀವಕ್ಕೇ ಕುತ್ತು ತಂದ ಪ್ರಕರಣಗಳಿವೆ. ಅಪರೂಪ, ಆದರೂ ಇವೆ. 15 ನಿಮಿಷದಂತೆ ಎರಡು ಸಲ ಹಿಂಡಿದರೂ ನಿಲ್ಲದಿದ್ದರೆ ಪ್ಲಗ್ಗಿನ ಮೇಲೆ ಪ್ಲಗ್ ಬದಲಿಸುತ್ತಾ ಕೂರದೆ ದವಾಖಾನೆಗೆ ಹೊರಡಬೇಕು.

ಸಾಧನಕೇರಿ ತಾಯಿ (ಒಂಬತ್ತು ದಿನದ ನಂತರ):
ಎಲ್ಲರಿಗೂ ತಿಳಿಸುವುದು ನನ್ನ ಕರ್ತವ್ಯ. ಕಿವಿ-ಮೂಗು-ಗಂಟಲಿನ ವೈದ್ಯರಲ್ಲಿಗೆ ಮಗನನ್ನು ಕರೆದೊಯ್ದಿದ್ದೆ. ನಡುಗೋಡೆಯ ಬಲಭಾಗದಲ್ಲಿ, ಸಿಸ್ಟರ್ ಹೇಳಿದ ಅದೇ ಜಾಗದಲ್ಲಿ, ಹಕ್ಕಳೆ ಕಟ್ಟಿದ ಹುಣ್ಣು ಇತ್ತು. ಒಳಗೆ ಗಡ್ಡೆಯಂಥದ್ದೇನೂ ಕಾಣಲಿಲ್ಲ. ದಿನಕ್ಕೆರಡು ಸಲ ಹಚ್ಚಲು ಮುಲಾಮು, ಬಿಡಲು ಸಲೈನ್ ಹನಿ ಕೊಟ್ಟಿದ್ದಾರೆ. ಉಗುರು ಕತ್ತರಿಸಿ, ರಾತ್ರಿ ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಳದಂತೆ ಮಲಗಿಸಿ ಎಂದರು. ಮತ್ತೂ ಮರುಕಳಿಸಿದರೆ ಸಿಲ್ವರ್ ನೈಟ್ರೇಟ್ ಕಡ್ಡಿಯಿಂದ ಆ ನಾಳವನ್ನು ಸುಡಬಹುದಂತೆ. ಅತ್ತೆಯವರ ಮಾತ್ರೆಗಳ ಬಗ್ಗೆ ಹೃದಯದ ವೈದ್ಯರಿಗೆ ಫೋನು ಮಾಡಿದೆ, ಒಂದನ್ನೂ ನಿಲ್ಲಿಸಬಾರದೆಂದರು.

ನಿನ್ನೆ ಬೆಳಿಗ್ಗೆ ಮತ್ತೆ ರಕ್ತ ಬಂತು. ಅಡುಗೆಮನೆಯ ಗಡಿಯಾರದ ಎದುರಿಗೆ ಕೂರಿಸಿ, ಮೆತ್ತನೆಯ ಭಾಗವನ್ನು ಹಿಂಡಿ ಹಿಡಿದೆ. ಎಂಟನೆಯ ನಿಮಿಷಕ್ಕೆ ಅತ್ತೆಯವರು ತಂಬಿಗೆ ತಂದರು. ನಾನು ಕೈ ಬಿಡಲಿಲ್ಲ. 15 ನಿಮಿಷಕ್ಕೆ ನೋಡಿದಾಗ ನಿಂತಿತ್ತು. ಪೊಟ್ಟಣ ಹಾಗೆಯೇ ಇದೆ.

ಬೆಟಗೇರಿ ಮಾಸ್ತರ:
ಆ ತಂಬಿಗೆಯ ನೀರನ್ನು ಏನು ಮಾಡಿದಿರಿ?

ಸಾಧನಕೇರಿ ತಾಯಿ:
ಅದರಲ್ಲೇ ಮುಖ ತೊಳೆಸಿದೆವು, ಸರ್. ಅತ್ತೆಯವರು ತಮ್ಮಿಂದಲೇ ನಿಂತಿತೆಂದುಕೊಂಡಿದ್ದಾರೆ.

ಬ್ಯಾಡಗಿ ಪ್ಯಾಟಿ:
ಒಡೆಯದ ಪೊಟ್ಟಣದ ಅವಧಿ ಮುಗಿಯುವ ತಾರೀಖು ನೋಡಿಡಿ. ಅಂಗಡಿಯಲ್ಲಿ ನಾನೂ ಒಂದು ತಂದಿಟ್ಟಿದ್ದೇನೆ, ಹಮಾಲರ ಸಲುವಾಗಿ.